ಟರ್ಬೊ ಕಾರಿಗೆ ತಣ್ಣನೆಯ ಗಾಳಿ: ತೋಟದ ಪೈಪನ್ನು ಕೊಯ್ಯುವ ಮೊದಲು

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿಯ ಅಡಿಕೆ ಕೃಷಿಕ. ನನ್ನಲ್ಲಿ ಒಂದು ಲೀಟರಿನ, ಮೂರು ಸಿಲಿಂಡರಿನ, 120 ಪಿ.ಎಸ್. ಶಕ್ತಿಯ ಟರ್ಬೊ ಪೆಟ್ರೋಲ್ ಕಾರಿದೆ. ಜಾಲ್ಸೂರಿನ ದಾರಿಯಾಗಿ ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಎಳೆತ ಸಾಲದೆನಿಸುತ್ತದೆ. ಸ್ಪ್ರಿಂಕ್ಲರ್ ಲೈನು ಹಾಕಿ ಉಳಿದ 75 ಎಂ.ಎಂ. ಪಿವಿಸಿ ಪೈಪಿಗೆ ಒಂದು ಕೋನ್ ಫಿಲ್ಟರ್ ಸಿಕ್ಕಿಸಿ, ಅದನ್ನು ಬಂಪರಿನೊಳಗೆ ಕೆಳಗೆ ಕೂರಿಸಿ, ಹೊರಗಿನ ತಣ್ಣನೆಯ ಗಾಳಿಯನ್ನು ಇಂಜಿನ್ನಿಗೆ ಎಳೆದು ತರುವ ಕೋಲ್ಡ್ ಏರ್ ಇನ್‌ಟೇಕ್ ಮಾಡಿಕೊಳ್ಳಬಹುದೇ?

ಉತ್ತರ: ನೀವು ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದರೊಳಗೆ ಎರಡಿವೆ. ಇಂಥದ್ದೊಂದನ್ನು ಮನೆಯಲ್ಲಿ ಮಾಡಲು ಸಾಧ್ಯವೇ ಎಂದರೆ, ಕೈಕೆಲಸ ಬಲ್ಲವರಿಗೆ ಸಾಧ್ಯ. ಅದರಿಂದ ಎಳೆತ ಹೆಚ್ಚುತ್ತದೆಯೇ ಎಂದರೆ, ಟರ್ಬೊ ಇರುವ ಕಾರಿನಲ್ಲಿ ನೀವು ಎಣಿಸಿದಷ್ಟು ಹೆಚ್ಚುವುದಿಲ್ಲ. ನೀವು ವಿವರಿಸಿದ ರೀತಿಯಲ್ಲಿ ಮಾಡಿದರೆ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು, ಜತೆಗೆ ಮಳೆಗಾಲದಲ್ಲಿ ಇಂಜಿನನ್ನೇ ಕಳೆದುಕೊಳ್ಳುವ ಭಯವೂ ಇದೆ. ಇದನ್ನು ಬರಿಯ ಅಭಿಪ್ರಾಯವಾಗಿ ಹೇಳುವ ಬದಲು ಲೆಕ್ಕ ಹಾಕಿಯೇ ನೋಡೋಣ.

ತಣ್ಣನೆಯ ಗಾಳಿ ಸಾಂದ್ರವಾದುದು, ಅದರಲ್ಲಿ ಆಮ್ಲಜನಕ ಹೆಚ್ಚು, ಆದ್ದರಿಂದ ಹೆಚ್ಚು ಪೆಟ್ರೋಲು ಉರಿಸಬಹುದು ಎಂಬ ಮಾತು ನಿಜವೇ. ಬೋನೆಟ್ಟಿನ ಕೆಳಗಿನ 60 ಡಿಗ್ರಿ ಸೆಲ್ಸಿಯಸ್ ಗಾಳಿಯ ಬದಲು ಹೊರಗಿನ 32 ಡಿಗ್ರಿಯ ಗಾಳಿಯನ್ನು ಎಳೆದುಕೊಂಡರೆ ಅದೇ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಈ ಲಾಭದ ಬಹುಪಾಲು ನೇರವಾಗಿ ಸಿಲಿಂಡರಿಗೆ ತಲುಪುತ್ತದೆ, ಮತ್ತು ಕೋಲ್ಡ್ ಏರ್ ಇನ್‌ಟೇಕಿನ ಹೆಸರು ಬೆಳೆದದ್ದೂ ಅಂಥ ಕಾರುಗಳಿಂದಲೇ. ಟರ್ಬೊ ಕಾರಿನಲ್ಲಿ ಮಾತ್ರ ಈ ಗಾಳಿ ಸಿಲಿಂಡರಿಗೆ ಹೋಗುವ ಮೊದಲು ಇನ್ನೆರಡು ಕಡೆ ಹಾಯಬೇಕು. ಟರ್ಬೊ ಅದನ್ನು ವಾತಾವರಣದ ಒತ್ತಡದ ಎರಡು ಪಟ್ಟಿಗೆ ಅದುಮುತ್ತದೆ, ಅದರೊಳಗೆ ಗಾಳಿ ಅದುಮುವ ಭಾಗವಾದ ಕಂಪ್ರೆಸರಿನ ದಕ್ಷತೆ ಶೇಕಡಾ 70 ಎಂದು ಇಟ್ಟುಕೊಳ್ಳೋಣ. ಆಗ 32 ಡಿಗ್ರಿಯಲ್ಲಿ ಒಳಹೋದ ಗಾಳಿ ಸುಮಾರು 127 ಡಿಗ್ರಿಯಾಗಿ ಹೊರಬರುತ್ತದೆ, 60 ಡಿಗ್ರಿಯಲ್ಲಿ ಹೋದದ್ದು ಸುಮಾರು 164 ಡಿಗ್ರಿಯಾಗುತ್ತದೆ. ಅದುಮಿದರೆ ಗಾಳಿ ಬಿಸಿಯಾಗುವುದು ಎಷ್ಟೆಂಬುದು ಸೈಕಲ್ಲಿಗೆ ಪಂಪು ಹೊಡೆದು ಅದರ ತುದಿಯನ್ನು ಮುಟ್ಟಿದವರಿಗೆಲ್ಲ ಗೊತ್ತಿದೆ. ಅನಂತರ ಇಂಟರ್‌ಕೂಲರ್ ಬರುತ್ತದೆ. ಅದು ಹೊರಗಾಳಿಗಿಂತ ಮೇಲಿನ ಬಿಸಿಯಲ್ಲಿ ಶೇಕಡಾ 70ನ್ನು ಕಳೆಯಬಲ್ಲದಾದರೆ, ಮೊದಲಿನದು ಸುಮಾರು 61 ಡಿಗ್ರಿಗೂ ಎರಡನೆಯದು 72 ಡಿಗ್ರಿಗೂ ಇಳಿಯುತ್ತವೆ. ಆರಂಭದಲ್ಲಿದ್ದ 28 ಡಿಗ್ರಿಯ ವ್ಯತ್ಯಾಸ ಇಂಜಿನ್ನಿಗೆ ಮುಟ್ಟುವಾಗ 11 ಡಿಗ್ರಿಯಾಗಿದೆ, ಸಾಂದ್ರತೆಯ ಲೆಕ್ಕದಲ್ಲಿ ಸುಮಾರು ಶೇಕಡಾ 3. ಅದೂ ಕಂಪನಿ ಕೊಟ್ಟ ಫಿಲ್ಟರ್ ಪೆಟ್ಟಿಗೆ ಈಗ 60 ಡಿಗ್ರಿಯ ಗಾಳಿಯನ್ನು ಎಳೆಯುತ್ತಿದ್ದರೆ ಮಾತ್ರ. ಹಾಗೆ ಎಳೆಯುತ್ತಿರುವುದು ಅಪರೂಪ.

ಇದಲ್ಲದೆ, ಟರ್ಬೊ ಎಷ್ಟು ಒತ್ತಡ ಕಟ್ಟಬೇಕೆಂಬುದನ್ನು ಇಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಒತ್ತಡ ಗುರಿ ಮುಟ್ಟಿದಾಗ ಅದು ವೇಸ್ಟ್‌ಗೇಟನ್ನು ತೆರೆದು ಹೊಗೆಯ ಒಂದು ಪಾಲನ್ನು, ಟರ್ಬೊವನ್ನು ತಿರುಗಿಸುವ ಟರ್ಬೈನಿಗೆ ಮುಟ್ಟಿಸದೆ ಹೊರಗೆ ಬಿಡುತ್ತದೆ. ಒಳದಾರಿಯಲ್ಲಿ ನೀವು ಸ್ವಲ್ಪ ತಡೆ ಕಡಿಮೆ ಮಾಡಿದಿರೆಂದರೆ ಕಂಪ್ಯೂಟರ್ ವೇಸ್ಟ್‌ಗೇಟನ್ನು ಅಷ್ಟೇ ಹೆಚ್ಚು ತೆರೆದು ಮೊದಲಿನ ಒತ್ತಡಕ್ಕೇ ತಂದು ನಿಲ್ಲಿಸುತ್ತದೆ. ಟರ್ಬೊಗೆ ದುಡಿಮೆ ಕೊಂಚ ಹಗುರವಾಗಬಹುದು, ಕಾಲಿಟ್ಟ ಕೂಡಲೇ ಒತ್ತಡ ಏರುವುದು ಕೂದಲೆಳೆಯಷ್ಟು ಬೇಗವಾಗಬಹುದು. ಇದನ್ನು ಮೀರಿದ ಲಾಭ ಬೇಕಿದ್ದರೆ ಕಂಪ್ಯೂಟರಿನ ಲೆಕ್ಕಾಚಾರವನ್ನೇ ಬದಲಿಸಬೇಕು, ಅದು ಬೇರೆಯೇ ವಿಷಯ.

ದೊಡ್ಡ ಪೈಪಿನ ಆಸೆಯ ಬಗ್ಗೆಯೂ ಒಂದು ಲೆಕ್ಕ. 120 ಪಿ.ಎಸ್. ಕೊಡುವ ಪೆಟ್ರೋಲ್ ಇಂಜಿನ್ ಪೂರ್ತಿ ದುಡಿಯುವಾಗ ಸೆಕೆಂಡಿಗೆ ಸುಮಾರು 90 ಗ್ರಾಂ, ಅಂದರೆ 80 ಲೀಟರಿನಷ್ಟು ಗಾಳಿಯನ್ನು ಎಳೆಯುತ್ತದೆ. ಒಳವ್ಯಾಸ 63 ಎಂ.ಎಂ. ಇರುವ ಪೈಪಿನಲ್ಲಿ ಇಷ್ಟು ಗಾಳಿ ಸೆಕೆಂಡಿಗೆ 26 ಮೀಟರ್ ವೇಗದಲ್ಲಿ ಓಡುತ್ತದೆ, 75 ಎಂ.ಎಂ. ಪೈಪಿನಲ್ಲಿ 18 ಮೀಟರ್. ವೇಗಕ್ಕೆ ತಕ್ಕ ಒತ್ತಡವನ್ನು ಲೆಕ್ಕ ಹಾಕಿದರೆ ಮೊದಲಿನದಕ್ಕೆ 0.4 ಕಿಲೊಪಾಸ್ಕಲ್, ಎರಡನೆಯದಕ್ಕೆ 0.2 ಕಿಲೊಪಾಸ್ಕಲ್ ಸುಮಾರು. ವಾತಾವರಣದ ಒತ್ತಡವೇ 100 ಕಿಲೊಪಾಸ್ಕಲ್ ಇರುವಾಗ ಈ ವ್ಯತ್ಯಾಸ ಸಾವಿರದಲ್ಲಿ ಎರಡು. ಪೈಪು 50 ಎಂ.ಎಂ.ಗೆ ಇಳಿದಾಗ ಮಾತ್ರ ವೇಗ 41 ಮೀಟರಿಗೆ ಏರಿ ನಷ್ಟ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪೈಪನ್ನು ಎಷ್ಟು ದೊಡ್ಡದು ಮಾಡಲಿ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಯಾವ ಗಾಳಿ ಒಳಗೆ ಹೋಗುತ್ತಿದೆ, ಅದು ಸೋಸಿ ಹೋಗುತ್ತಿದೆಯೇ ಎಂಬುದನ್ನು ನೋಡುವುದು ಲೇಸು.

ಈ ಮಾತನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಹಲವು ವರ್ಷಗಳ ಹಿಂದೆ ನನ್ನದೇ ಡೀಸೆಲ್ ಟರ್ಬೊ ಕಾರಿನ ಫಿಲ್ಟರ್ ಪೆಟ್ಟಿಗೆಯನ್ನು ಕಳಚಿ, ಬೋನೆಟ್ಟಿನ ಕೆಳಗೆ ತೆರೆದ ಕೋನ್ ಫಿಲ್ಟರೊಂದನ್ನು ಸಿಕ್ಕಿಸಿದ್ದೆ. ಟರ್ಬೊ ಗಾಳಿ ಹೀರುವ ಸದ್ದು ದೊಡ್ಡದಾಗಿ ಕೇಳಿಸಿತು, ಸದ್ದು ದೊಡ್ಡದಾದುದರಿಂದ ಓಟವೂ ಜೋರಾಗಿದೆ ಎಂದು ಒಂದು ವಾರ ನಂಬಿದ್ದೆ. ಅನಂತರ ಫಿಲ್ಟರಿನ ಬಳಿ ಥರ್ಮಾಮೀಟರಿನ ತುದಿಯನ್ನು ಕಟ್ಟಿ ಉಪ್ಪಳ ಪೇಟೆಯ ವಾಹನಗಳ ಸಾಲಿನಲ್ಲಿ ನಿಂತಾಗ ಅದು 58 ಡಿಗ್ರಿ ತೋರಿಸಿತು, ಹೊರಗೆ ಆಗ 33 ಡಿಗ್ರಿ. ಮನೆಗೆ ಬಂದು ಹಳೆಯ ಪೆಟ್ಟಿಗೆಯನ್ನು ಮರಳಿ ಕೂರಿಸಿದೆ. ಪೇಟೆಯಲ್ಲಿ ಕೋಲ್ಡ್ ಏರ್ ಎಂಬ ಹೆಸರಿನಲ್ಲಿ ಮಾರುವ ಕಿಟ್ಟುಗಳಲ್ಲಿ ಎಷ್ಟೋ ಈ ಬಗೆಯ ಬಿಸಿಗಾಳಿಯ ಕಿಟ್ಟುಗಳೇ.

ಆದ್ದರಿಂದ ಮೊದಲ ಕೆಲಸ ಅಳೆಯುವುದು. ಉದ್ದ ತಂತಿಯ ತುದಿಯಲ್ಲಿ ಸಂವೇದಕವಿರುವ, ಫ್ರಿಜ್ಜಿಗೂ ಮೀನಿನ ತೊಟ್ಟಿಗೂ ಬಳಸುವ ಸಣ್ಣ ಡಿಜಿಟಲ್ ಥರ್ಮಾಮೀಟರನ್ನು ತಂದು, ಅದರ ತುದಿಯನ್ನು ಫಿಲ್ಟರ್ ಪೆಟ್ಟಿಗೆಯ ಒಳಗೆ, ಫಿಲ್ಟರಿಗೆ ಮೊದಲು, ಗಾಳಿ ಬರುವ ಕಡೆಯಲ್ಲಿ ಭದ್ರವಾಗಿ ಇಡಿ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ರೀಡರಿನಲ್ಲಿ ಕಾಣುವ ಗಾಳಿಯ ಉಷ್ಣತೆಯನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ, ಏಕೆಂದರೆ ಅನೇಕ ಟರ್ಬೊ ಕಾರುಗಳಲ್ಲಿ ಆ ಸಂವೇದಕ ಇಂಟರ್‌ಕೂಲರಿನ ಆಚೆಗಿರುತ್ತದೆ. ಬದಿಯಡ್ಕದಿಂದ ಪೆರ್ಲಕ್ಕೆ, ಅಲ್ಲಿಂದ ಅಡ್ಕಸ್ಥಳದವರೆಗೆ ಒಮ್ಮೆ ಓಡಿಸಿ. ಓಟದಲ್ಲಿರುವಾಗ ಪೆಟ್ಟಿಗೆಯೊಳಗಿನ ಗಾಳಿ ಹೊರಗಿನದಕ್ಕಿಂತ ಐದಾರು ಡಿಗ್ರಿಯಷ್ಟೇ ಹೆಚ್ಚಿದ್ದರೆ ನಿಮ್ಮ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ ಆಗಲೇ ಇದೆ, ಅದನ್ನು ಕಾರ್ಖಾನೆಯವರೇ ಕೊಟ್ಟಿದ್ದಾರೆ. ನಿಂತಾಗ ಅದು ಏರುವುದು ಸಹಜ.

ತಡೆಯನ್ನು ಅಳೆಯಲು ಇನ್ನೂ ಅಗ್ಗದ ಸಾಧನವಿದೆ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬನ್ನು ಒಂದು ಹಲಗೆಗೆ ಯು ಆಕಾರದಲ್ಲಿ, ಒಂದೊಂದು ತೋಳೂ ಒಂದು ಮೀಟರ್ ಎತ್ತರವಿರುವಂತೆ ಕಟ್ಟಿ, ಅರ್ಧ ಮೀಟರಿನವರೆಗೆ ಬಣ್ಣದ ನೀರು ತುಂಬಿ. ಗುಜರಿಯಲ್ಲಿ ನಿಮ್ಮದೇ ಮಾದರಿಯ ಫಿಲ್ಟರ್ ಪೆಟ್ಟಿಗೆಯ ಮುಚ್ಚಳವೊಂದು ಸಿಕ್ಕಿದರೆ ಅದಕ್ಕೆ ಸಣ್ಣ ನಿಪ್ಪಲ್ ಕೂರಿಸಿ, ಟ್ಯೂಬಿನ ಒಂದು ತುದಿಯನ್ನು ಫಿಲ್ಟರಿನ ಆಚೆಯ ಶುದ್ಧ ಭಾಗಕ್ಕೆ ಜೋಡಿಸಿ, ಇನ್ನೊಂದನ್ನು ಕಾರಿನೊಳಗೆ ತೆರೆದಿಡಿ. ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಎರಡು ತೋಳುಗಳ ನೀರಿನ ಮಟ್ಟದಲ್ಲಿ ಎಷ್ಟು ಅಂತರ ಬರುತ್ತದೆಂದು ಪಕ್ಕದಲ್ಲಿ ಕುಳಿತವರು ನೋಡಲಿ, ಓಡಿಸುವವರು ನೋಡಬಾರದು. ಹತ್ತು ಸೆಂಟಿಮೀಟರ್ ನೀರೆಂದರೆ ಸುಮಾರು ಒಂದು ಕಿಲೊಪಾಸ್ಕಲ್, ಅಂದರೆ ಶೇಕಡಾ 1. ಹೊಸ ಫಿಲ್ಟರ್ ಹಾಕಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಕೆಂಪುಕಲ್ಲಿನ ಕೋರೆಯ ಲಾರಿಗಳ ಹಿಂದೆ ಓಡಿದ ಹಳೆಯ ಫಿಲ್ಟರಿಗೂ ಹೊಸದಕ್ಕೂ ಇರುವ ಅಂತರವೇ ನೀವು ಪೈಪಿನಿಂದ ಗಳಿಸಲು ಹೊರಟದ್ದಕ್ಕಿಂತ ದೊಡ್ಡದಾಗಿರಬಹುದು.

ಇನ್ನು ನಿಮ್ಮ ಪಿವಿಸಿ ಪೈಪು. ನೀರಿಗೆ ಅದು ಒಳ್ಳೆಯದು, ಬೋನೆಟ್ಟಿನ ಕೆಳಗೆ ಅಲ್ಲ. ಪಿವಿಸಿ 60 ಡಿಗ್ರಿ ದಾಟಿದ ಮೇಲೆ ಬಿಗುವು ಕಳೆದುಕೊಳ್ಳತೊಡಗಿ, 80ರ ಸುಮಾರಿಗೆ ಮೆತ್ತಗಾಗುತ್ತದೆ. ಟರ್ಬೊದ ಪಕ್ಕದ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು. ಫಿಲ್ಟರಿಗೂ ಟರ್ಬೊಗೂ ನಡುವಿನ ದಾರಿಯಲ್ಲಿ ಒಳಗೆ ಎಳೆಯುವ ಒತ್ತಡವಿರುವುದರಿಂದ ಮೆತ್ತಗಾದ ಪೈಪು ಒಳಕ್ಕೆ ಕುಸಿಯುತ್ತದೆ. ಕೊಯ್ದ ಪಿವಿಸಿಯ ಅಂಚಿನಲ್ಲಿ ಅಂಟಿರುವ ಒಂದು ಚೂರು ಕಳಚಿದರೂ ಅದು ನೇರವಾಗಿ ಹೋಗುವುದು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಕಂಪ್ರೆಸರಿನ ಚಕ್ರಕ್ಕೆ. ತೆಳ್ಳಗಿನ ಆ ಅಲ್ಯೂಮಿನಿಯಂ ಎಲೆಗಳಿಗೆ ಅಕ್ಕಿಕಾಳಿನಷ್ಟು ಚೂರೂ ಸಾಕು. ವೆಲ್ಡಿಂಗಿನ ಕಿಡಿ ಹೆಪ್ಪುಗಟ್ಟಿದ ಗುಳಿಗೆಗಳಿಗೂ ಕ್ಲ್ಯಾಂಪಿನ ಸಡಿಲ ಸ್ಕ್ರೂವಿಗೂ ಇದೇ ಮಾತು ಅನ್ವಯಿಸುತ್ತದೆ.

ಬಂಪರಿನೊಳಗೆ ಕೆಳಗೆ ಫಿಲ್ಟರ್ ಇಡುವ ಯೋಚನೆಯನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕೆಂದು ನಾನು ಹೇಳುತ್ತೇನೆ. ಮಳೆ ಕಡಿಮೆಯ ನಾಡಿನಲ್ಲಿ ಅದು ನಡೆದೀತು. ವರ್ಷಕ್ಕೆ 3,500 ಮಿಲಿಮೀಟರಿನ ಸುಮಾರಿಗೆ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಆಟಿ ತಿಂಗಳ ಒಂದು ಸಂಜೆ ತೋಡು ಉಕ್ಕಿ ರಸ್ತೆಗೆ ಬಂದಿರುವಾಗ, ಬಂಪರಿನ ಕೆಳಗಿರುವ ಫಿಲ್ಟರ್ ಗಾಳಿಯ ಬದಲು ನೀರನ್ನು ಎಳೆಯುತ್ತದೆ. ನಿಮ್ಮ ಇಂಜಿನ್ನಿನ ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 333 ಸಿ.ಸಿ. ಕಂಪ್ರೆಶನ್ ಅನುಪಾತ ಹತ್ತರಷ್ಟಿದೆ ಎಂದುಕೊಂಡರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 37 ಸಿ.ಸಿ., ಅಂದರೆ ಸಣ್ಣ ಚಹಾ ಗ್ಲಾಸಿನ ಅರ್ಧ. ಅದಕ್ಕಿಂತ ಹೆಚ್ಚು ನೀರು ಸಿಲಿಂಡರಿನಲ್ಲಿದ್ದರೆ, ನೀರು ಅದುಮಿಕೊಳ್ಳದ ವಸ್ತುವಾದುದರಿಂದ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಟರ್ಬೊ ಕಾರಿನಲ್ಲಿ ಇಂಟರ್‌ಕೂಲರಿನ ತಳದಲ್ಲಿ ನೀರು ನಿಂತು, ಮುಂದೆಂದೋ ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಒಮ್ಮೆಗೇ ಒಳಕ್ಕೆ ಹೋಗುವ ಅಪಾಯವೂ ಸೇರಿಕೊಳ್ಳುತ್ತದೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ಇಂಥ ಹಾನಿಯನ್ನು ಸಾಮಾನ್ಯ ವಿಮೆ ಭರಿಸುವುದಿಲ್ಲ. ಆ ಪಾಲಿಸಿ ಇದ್ದರೂ ಗಾಳಿಯ ದಾರಿಯನ್ನು ನೀವೇ ಕೆಳಗಿಳಿಸಿದ್ದೀರೆಂದು ಕಂಡುಬಂದರೆ ತಕರಾರು ತಪ್ಪಿದ್ದಲ್ಲ.

ಫಿಲ್ಟರಿನಿಂದ ಟರ್ಬೊವರೆಗಿನ ಪೈಪನ್ನು ಬದಲಿಸುವವರು ಮರೆಯುವ ಮೂರು ಸಂಗತಿಗಳನ್ನೂ ಇಲ್ಲಿ ಹೇಳಬೇಕು. ಕೆಲವು ಕಾರುಗಳಲ್ಲಿ ಫಿಲ್ಟರ್ ಪೆಟ್ಟಿಗೆಯ ಬಾಯಲ್ಲೇ ಗಾಳಿಯ ತೂಕ ಅಳೆಯುವ ಮಾಫ್ ಸೆನ್ಸರ್ ಇರುತ್ತದೆ. ಅದು ವಾಸ್ತವದಲ್ಲಿ ತನ್ನ ಮುಂದೆ ಹರಿಯುವ ಗಾಳಿಯನ್ನಷ್ಟೇ ಗ್ರಹಿಸುತ್ತದೆ, ಪೈಪಿನ ಅಗಲ ಇಷ್ಟೇ ಎಂಬ ನಂಬಿಕೆಯ ಮೇಲೆ ಕಂಪ್ಯೂಟರ್ ಒಟ್ಟು ಗಾಳಿಯನ್ನು ಲೆಕ್ಕ ಹಾಕುತ್ತದೆ. ಆ ಜಾಗದ ಒಳವ್ಯಾಸವನ್ನು 63ರಿಂದ 70 ಎಂ.ಎಂ.ಗೆ ಏರಿಸಿದರೆ ವಿಸ್ತಾರ ಶೇಕಡಾ 23ರಷ್ಟು ಹೆಚ್ಚಿ, ಬರುತ್ತಿರುವ ಗಾಳಿಗಿಂತ ಶೇಕಡಾ 19ರಷ್ಟು ಕಡಿಮೆ ಬರುತ್ತಿದೆಯೆಂದು ಕಂಪ್ಯೂಟರ್ ತಿಳಿಯುತ್ತದೆ. ಪೆಟ್ರೋಲು ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಪೆಟ್ರೋಲ್ ಟರ್ಬೊ ಇಂಜಿನ್ ಭಾರ ಹೊತ್ತಿರುವಾಗ ಇಂಧನ ಕಡಿಮೆಯಾಗುವುದೆಂದರೆ ನಾಕಿಂಗ್ (ಇಂಧನ ಹೊತ್ತು ತಪ್ಪಿ ಸಿಡಿಯುವುದು), ಅದು ಮುಂದುವರಿದರೆ ಪಿಸ್ಟನ್ನಿಗೆ ತೂತು. ನಿಮ್ಮ ಕಾರಿನಲ್ಲಿ ಆ ಸೆನ್ಸರ್ ಇದೆಯೇ, ಅಥವಾ ಇಂಜಿನ್ನಿನ ಹತ್ತಿರ ಒತ್ತಡ ಅಳೆಯುವ ಸೆನ್ಸರ್ ಮಾತ್ರ ಇದೆಯೇ ಎಂದು ಫಿಲ್ಟರಿನ ನಂತರದ ಪೈಪನ್ನು ನೋಡಿ ತಿಳಿದುಕೊಳ್ಳಿ. ಎರಡನೆಯದು ಇಂಜಿನ್ನಿನ ಉಸಿರು ಟ್ಯೂಬು: ಇಂಜಿನ್ನಿನ ತಳದ ಭಾಗವಾದ ಕ್ರ್ಯಾಂಕ್‌ಕೇಸಿನ ಎಣ್ಣೆಯ ಹಬೆ ಬಂದು ಸೇರುವ ಆ ಕೊಳವೆಯನ್ನು ಮುಚ್ಚಿದರೆ ಒಳಗೆ ಒತ್ತಡ ಏರಿ ಸೀಲುಗಳಲ್ಲಿ ಎಣ್ಣೆ ಜಿನುಗುತ್ತದೆ, ತೆರೆದೇ ಬಿಟ್ಟರೆ ಸೋಸದ ಗಾಳಿ ಒಳಸೇರುತ್ತದೆ. ಮೂರನೆಯದು, ಎಕ್ಸಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡವನ್ನು ಟರ್ಬೊದ ಮುಂಭಾಗಕ್ಕೆ ಮರಳಿಸುವ ಬೈಪಾಸ್ ಕೊಳವೆ. ಅದು ಕೆಲವು ಕಾರುಗಳಲ್ಲಿ ಟರ್ಬೊದೊಳಗೇ ಇರುತ್ತದೆ, ಇನ್ನು ಕೆಲವುಗಳಲ್ಲಿ ಇದೇ ಪೈಪಿಗೆ ಬಂದು ಸೇರುತ್ತದೆ.

ಹಾಗಾದರೆ ಏನು ಮಾಡಬಹುದು? ಕಂಪನಿಯ ಪೆಟ್ಟಿಗೆಯನ್ನೂ ಕಾಗದದ ಫಿಲ್ಟರನ್ನೂ ಹಾಗೆಯೇ ಇಟ್ಟುಕೊಂಡು, ಅದಕ್ಕೆ ಬರುವ ಗಾಳಿಯನ್ನು ತಣ್ಣಗಿಡುವುದು ನನ್ನ ಸಲಹೆ. ಗ್ರಿಲ್ಲಿನ ಹಿಂದಿನಿಂದ ಪೆಟ್ಟಿಗೆಗೆ ಬರುವ ಮೂತಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಬಂಪರ್ ರಿಪೇರಿಯಾದ ಕಾರುಗಳಲ್ಲಿ ಅದು ಕಳಚಿ ಜೋತಾಡುತ್ತಿರುವುದು ಸಾಮಾನ್ಯ. ಮೂತಿಗೂ ಗ್ರಿಲ್ಲಿಗೂ ನಡುವೆ ಸಂದಿದ್ದರೆ ಬಾಗಿಲಿಗೆ ಹಚ್ಚುವಂಥ ರಬ್ಬರ್ ಬೀಡಿಂಗಿನಿಂದ ಮುಚ್ಚಿ. ಪೆಟ್ಟಿಗೆ ಟರ್ಬೊ ಅಥವಾ ರೇಡಿಯೇಟರಿನ ಕಡೆಗೆ ಬೆನ್ನು ಹಾಕಿದ್ದರೆ ಆ ಬದಿಗೆ ಒಂದು ಎಂ.ಎಂ. ದಪ್ಪದ ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ ಗೋಡೆಯಂತೆ ನಿಲ್ಲಿಸಿ. ತಗಡು ಪೆಟ್ಟಿಗೆಗೆ ಅಂಟಿಕೊಳ್ಳದೆ ಹತ್ತು ಹದಿನೈದು ಎಂ.ಎಂ. ದೂರವಿರಬೇಕು, ನಡುವಿನ ಗಾಳಿಯೇ ಬಿಸಿಯನ್ನು ತಡೆಯುತ್ತದೆ. ಬೋಲ್ಟುಗಳಿಗೆ ಅಲುಗಿದರೂ ಸಡಿಲವಾಗದ ನೈಲಾಕ್ ನಟ್ಟು ಹಾಕಿ, ಅಂಚುಗಳಿಗೆ ರಬ್ಬರ್ ಕವಚ ಹಾಕಿ, ವಯರುಗಳನ್ನು ದೂರ ಕಟ್ಟಿ. ಒಂದು ಭಾನುವಾರದ ಈ ಕೆಲಸಕ್ಕೆ ಕೆಲವು ನೂರು ರೂಪಾಯಿ ಸಾಕು, ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ಕಳಚಬಹುದು.

ಇಷ್ಟಾದ ಮೇಲೂ ಪೂರ್ತಿ ಹೊಸದನ್ನೇ ಮಾಡಬೇಕೆಂಬ ಹಂಬಲವಿದ್ದರೆ, ಫಿಲ್ಟರನ್ನು ತೆರೆದಿಡದೆ ಮುಚ್ಚಳವಿರುವ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಇಡಿ. ಗಾಳಿಯ ಬಾಯಿ ಹೆಡ್‌ಲೈಟಿನ ಮಟ್ಟಕ್ಕಿಂತ ಕೆಳಗಿಳಿಯಬಾರದು, ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲು ಎಂಟು ಎಂ.ಎಂ. ತೂತಿರಬೇಕು. ಪೆಟ್ಟಿಗೆ ಕಾರಿನ ಮೈಗೆ ಕೂತಿರುತ್ತದೆ, ಟರ್ಬೊ ಮಾತ್ರ ಇಂಜಿನ್ನಿನ ಜತೆ ಅಲುಗಾಡುತ್ತದೆ. ಆದ್ದರಿಂದ ಅವೆರಡರ ನಡುವೆ ಒಳಗೆ ಬಟ್ಟೆಯ ಪದರವಿರುವ ಸಿಲಿಕಾನ್ ಹೋಸಿನ ಬಾಗುವ ತುಂಡು ಇರಲೇಬೇಕು, ಲೋಹದ ಪೈಪಿನ ಅಂಚಿಗೆ ಹೋಸು ಜಾರದಂತೆ ಉಬ್ಬು ಎತ್ತಿಸಬೇಕು. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ತಂದರೆ ಎಣ್ಣೆ ಹೆಚ್ಚಾಗದಂತೆ ನೋಡಿಕೊಳ್ಳಿ, ಹೆಚ್ಚಾದದ್ದು ಮಾಫ್ ಸೆನ್ಸರಿನ ತಂತಿಗೆ ಹೋಗಿ ಕೂರುತ್ತದೆ. ಟರ್ಬೊದ ಆಚೆಗಿನ, ಒತ್ತಡದ ಕಡೆಯ ಪೈಪುಗಳನ್ನು ಮುಟ್ಟಬೇಡಿ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ನಮ್ಮ ಕೆಂಪು ಮಣ್ಣೇ ಸಾಕು. ಫಿಲ್ಟರಿನ ಆಚೆಯ ಪೈಪಿನ ಒಳಗೋಡೆಗೆ ಬೆರಳಿನಿಂದ ತೀರ ತೆಳ್ಳಗೆ ಗ್ರೀಸು ಸವರಿ, ನಾಲ್ಕೈದು ನೂರು ಕಿಲೋಮೀಟರ್ ಓಡಿಸಿ, ಅನಂತರ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಎಲ್ಲೋ ಸಂದಿಯಿದೆ, ಅಥವಾ ಫಿಲ್ಟರ್ ಸೋಸುತ್ತಿಲ್ಲ. ಅದೇ ಧೂಳು ಪಿಸ್ಟನ್ ರಿಂಗುಗಳನ್ನೂ ಕಂಪ್ರೆಸರಿನ ಎಲೆಗಳ ಅಂಚನ್ನೂ ಸವೆಸುತ್ತಿರುತ್ತದೆ. ಆ ದಿನವೇ ಹಳೆಯ ಪೆಟ್ಟಿಗೆಯನ್ನು ಮರಳಿ ಹಾಕಿ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕೆ ನೋಂದಣಿ ಪತ್ರದ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ತಗಡಿನ ಗೋಡೆಯೊಂದು ಅಧಿಕಾರಿಗಳ ಗಮನಕ್ಕೆ ಬರುವುದು ಕಷ್ಟ, ಸದ್ದು ಮಾಡುವ ತೆರೆದ ಫಿಲ್ಟರ್ ಬೋನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ವಾರಂಟಿ ಇನ್ನೂ ಉಳಿದಿದ್ದರೆ ಸರ್ವಿಸ್ ಕೇಂದ್ರದವರ ಕಣ್ಣಿಗೂ ಬೀಳುತ್ತದೆ.

ಕೊನೆಗೆ ಸಂಪಾಜೆ ಘಾಟಿಯ ವಿಷಯ, ಏಕೆಂದರೆ ನಿಮ್ಮ ನಿಜವಾದ ದೂರು ಇರುವುದು ಅಲ್ಲಿ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇಕಡಾ 12ರಷ್ಟು ಕಡಿಮೆ, ಆದರೆ ಟರ್ಬೊ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ನಿಮ್ಮಂಥ ಸಣ್ಣ ಟರ್ಬೊ ಇಂಜಿನ್ನುಗಳಿಗೆ ಪೂರ್ತಿ ಎಳೆತ ಬರುವುದು ನಿಮಿಷಕ್ಕೆ 1,500 ಸುತ್ತು ದಾಟಿದ ಮೇಲೆ. ಹೇರ್‌ಪಿನ್ ತಿರುವಿನಲ್ಲಿ ಮೂರನೇ ಗೇರಿನಲ್ಲೇ ಹೊರಳಿಸಿದರೆ ಇಂಜಿನ್ ಅದಕ್ಕಿಂತ ಕೆಳಗಿಳಿದು ಸೋಲುತ್ತದೆ, ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ ನೋಡಿ. ಹಾಗೆ ಮಾಡಿದರೂ ಮಂಕು ಹೋಗದಿದ್ದರೆ ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಇಂಜಿನ್ನಿಗೂ ಹೋಗುವ ಹೋಸುಗಳ ಕ್ಲ್ಯಾಂಪುಗಳನ್ನು ಪರೀಕ್ಷಿಸಿ, ಎಣ್ಣೆಯ ಪಸೆ ಕಂಡಲ್ಲಿ ಗಾಳಿ ಸೋರುತ್ತಿದೆಯೆಂದೇ ಅರ್ಥ. ನಿಮ್ಮ ಇಂಟರ್‌ಕೂಲರ್ ಗಾಳಿಯಿಂದ ತಣಿಯುವಂಥದ್ದಾದರೆ ಅದರ ಮುಖವನ್ನೂ ಟಾರ್ಚು ಹಿಡಿದು ನೋಡಿ. ಒಂದು ಮಳೆಗಾಲ ತೋಟದ ದಾರಿಯಲ್ಲಿ ಓಡಿದ ಕಾರಿನಲ್ಲಿ ಅದರ ರೆಕ್ಕೆಗಳ ನಡುವೆ ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ತೋಟದ ಜೆಟ್ಟಿನ ರಭಸದ ನೀರು ಹಾಯಿಸಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಆದ್ದರಿಂದ ಸಾಧಾರಣ ಹೋಸಿನಿಂದ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಅದಾದ ಮೇಲೆ ಒಮ್ಮೆ ಘಾಟಿ ಹತ್ತಿ ಬಂದು, ಥರ್ಮಾಮೀಟರಿನ ಮತ್ತು ನೀರಿನ ಟ್ಯೂಬಿನ ಅಳತೆಗಳನ್ನು ಬರೆದು ಕಳುಹಿಸಿದರೆ, ಪೆಟ್ಟಿಗೆಯ ಮಾತನ್ನು ಆ ಅಂಕಿಗಳನ್ನು ಮುಂದಿಟ್ಟುಕೊಂಡು ಮುಂದುವರಿಸೋಣ.